ಮಳೆ, ಹಮ್ಮು, ಹಿಸ್ಸು: ಧಾರವಾಡದ ಹಂಚಿನ ಮನೆಯಲ್ಲಿ ಮುದ್ರಿಸಿದ ಲೋ-ಫೈ ಆಲ್ಬಮ್

ನಮ್ಮ ಲೋ-ಫೈ ಆಲ್ಬಮ್ಮಿಗೆ (ಕೋಣೆಯ, ಯಂತ್ರದ ಒರಟು ಸದ್ದನ್ನು ಬೇಕೆಂದೇ ಉಳಿಸಿಕೊಳ್ಳುವ ಮುದ್ರಣ) ಮೊದಲು ಮುಗಿಸಿದ ಮೂರು ಹಾಡುಗಳನ್ನು ಪೂರ್ತಿ ಅಳಿಸಿಹಾಕಿದೆವು. ಒಳ್ಳೆಯ ಮೈಕಿನಲ್ಲಿ ಚೊಕ್ಕಟವಾಗಿ ಮುದ್ರಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಗ್ರಾಮೊಫೋನಿನ ಚಿಟಪಟ, ಟೇಪಿನ ಹಿಸ್ಸು (ಸುಯ್ಯೆನ್ನುವ ಸದ್ದು), ಮಳೆಯ ಸದ್ದು ಎಲ್ಲವನ್ನೂ ಪ್ಲಗಿನ್ ಎಂಬ ಸಾಫ್ಟ್‌ವೇರಿನಿಂದ ಮೇಲೆ ಸುರಿದಿದ್ದೆವು. ನಾಲ್ಕಾರು ಸಲ ಕೇಳಿದ ಮೇಲೆ ದೋಷ ಕಿವಿಗೆ ಬಿತ್ತು. ಆ ಚಿಟಪಟ ಕೆಲವು ಸೆಕೆಂಡಿಗೊಮ್ಮೆ ಅದೇ ಕ್ರಮದಲ್ಲಿ ತಿರುಗಿ ಬರುತ್ತಿತ್ತು. ಮಳೆಗೂ ಹಾಡಿಗೂ ಸಂಬಂಧವೇ ಇರಲಿಲ್ಲ. ನಿಜವಾದ ಮಳೆ ಜೋರಾದರೆ ಹಾಡುವವರು ತಾವಾಗಿಯೇ ದನಿ ಏರಿಸುತ್ತಾರೆ, ಮೈಕಿನ ಕಡೆ ಬಾಗುತ್ತಾರೆ. ನಿಜವಾದ ಟೇಪಿನ ವೇಗ ಅಲುಗಿದರೆ ಸ್ವರವೂ ಅದರ ಜೊತೆ ಅಲುಗುತ್ತದೆ. ಮೇಲಿಂದ ಹಚ್ಚಿದ ಬಣ್ಣದಲ್ಲಿ ಇದಾವುದೂ ಆಗುವುದಿಲ್ಲ.

ಹಾಗಾಗಿ ಒಂದು ನಿಯಮ ಹಾಕಿಕೊಂಡೆವು. ಹಾಡಿನಲ್ಲಿ ಕೇಳುವ ಯಾವ ಗದ್ದಲವೇ ಆಗಲಿ, ಹಾಡುವ ಹೊತ್ತಿಗೆ ಆ ಕೋಣೆಯಲ್ಲಿ ಇದ್ದಿರಬೇಕು, ಇಲ್ಲವೇ ಹಾಡು ನಿಜವಾಗಿ ಹಾದುಹೋದ ಯಂತ್ರದಿಂದ ಬಂದಿರಬೇಕು. ಈ ಒಂದು ನಿಯಮದಿಂದ ಕೆಲಸ ಮೂರು ಪಟ್ಟು ಹೆಚ್ಚಾಯಿತು. ಯಾವ ಸದ್ದು ಬೇಕು, ಯಾವುದು ಬೇಡ ಅನ್ನುವುದನ್ನು ರೆಕಾರ್ಡ್ ಗುಂಡಿ ಒತ್ತುವ ಮೊದಲೇ ತೀರ್ಮಾನಿಸಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಾಳಮಡ್ಡಿಯ ಒಂದು ಹಂಚಿನ ಮನೆಯ ಪಡಸಾಲೆಯಲ್ಲಿ ನಾವು ಮೂವರು ಕೂಡಿ ಒಂಬತ್ತು ಹಾಡು, ಒಟ್ಟು 34 ನಿಮಿಷ ಮಾಡಿದೆವು. ತತ್ವಪದ, ಗೀಗೀ ಪದ, ಬೀಸುಕಲ್ಲಿನ ಪದ, ಖ್ಯಾಲಿನ ಆಲಾಪ ಒಂದು ಕಡೆ. ಹಿಪ್‌ಹಾಪ್ ಬೀಟು, ಡಬ್ ಶೈಲಿಯ ಬಾಸು (ತಳದ ಸ್ವರ), ವಾತಾವರಣ ಕಟ್ಟುವ ಆಂಬಿಯೆಂಟ್, ಕರ್ಕಶ ಗಿಟಾರು ಇನ್ನೊಂದು ಕಡೆ. ಇವನ್ನು ಕೂಡಿಸಲು ಹೊರಟವರಿಗೆ ಎಲ್ಲೆಲ್ಲಿ ಎಡವುವುದು ಖಚಿತವೋ ಅದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ಸಾಮಾನು ಬಹಳ ಇಲ್ಲ. ಎರಡು ಚಾನೆಲ್ಲಿನ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಕೂಡಿಸುವ ಪೆಟ್ಟಿಗೆ), ಒಂದು ಡೈನಮಿಕ್ ಮೈಕು, ಒಂದು ಸಣ್ಣ ಕಂಡೆನ್ಸರ್ ಮೈಕು, ಎರಡು ಮೊಬೈಲು, ಒಂದು ಹಳೆಯ ಕ್ಯಾಸೆಟ್ ಡೆಕ್ಕು, 27 ಮಿ.ಮೀ. ಅಗಲದ ನಾಲ್ಕು ಪಿಯೆಜೊ ಬಿಲ್ಲೆ (ಕಂಪನವನ್ನು ವಿದ್ಯುತ್ತಾಗಿ ಮಾಡುವ ತೆಳು ಬಿಲ್ಲೆ), ಮತ್ತು ರೀಪರ್ ಎಂಬ ಮುದ್ರಣದ ಸಾಫ್ಟ್‌ವೇರ್ ಹಾಕಿದ ಲ್ಯಾಪ್‌ಟಾಪ್. ಮುದ್ರಣ ಎಲ್ಲ 24 ಬಿಟ್ (ಅತಿ ಸಣ್ಣ ಸದ್ದನ್ನೂ ನುಣ್ಣಗೆ ಅಳೆಯುವ ಮಟ್ಟ), 48 ಕಿಲೋಹರ್ಟ್ಸ್. ಲೋ-ಫೈ ಅಂದಮೇಲೆ 24 ಬಿಟ್ ಯಾಕೆ ಎಂದು ಕೇಳುವವರಿದ್ದಾರೆ. ಯಂತ್ರದ ಒರಟುತನವನ್ನು ನಾವು ಆರಿಸಿಕೊಳ್ಳಬೇಕೇ ಹೊರತು ಕಂಪ್ಯೂಟರು ನಮ್ಮ ಮೇಲೆ ಹೇರಬಾರದು. 24 ಬಿಟ್ಟಿನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ (ಯಂತ್ರ ಹಿಡಿಯಬಲ್ಲ ಗರಿಷ್ಠಕ್ಕಿಂತ 12 ಕೆಳಗೆ) ದಾಟದಂತೆ ಇಟ್ಟರೂ ಮೆತ್ತನೆಯ ಸದ್ದಿಗೆ ನಷ್ಟವಿಲ್ಲ. ಹಲಗಿ ಬಾರಿಸುವವರು ಉಮೇದಿಗೆ ಬಂದಾಗ ಆ 12 ಡೆಸಿಬೆಲ್ಲು ಪೂರ್ತಿ ಬೇಕಾಗುತ್ತದೆ.

ಕೋಣೆಯ ವಿಷಯ. ಪಡಸಾಲೆಯ ಗೋಡೆಗೆ ಕೌದಿ ತೂಗುಹಾಕಿದೆವು. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಗೋಡೆಗೆ ಒತ್ತಿ ಮೊಳೆ ಹೊಡೆದರೆ ಅರ್ಧ ಲಾಭವೂ ಇಲ್ಲ. ಗೋಡೆಗೆ ತಾಗಿದಲ್ಲಿ ಗಾಳಿಯ ಚಲನೆಯೇ ಇರುವುದಿಲ್ಲ, ಅರಿವೆ ಹಿಡಿಯುವುದು ಆ ಚಲನೆಯನ್ನು. ಗೋಡೆಯಿಂದ 10 ಸೆಂ.ಮೀ. ಬಿಟ್ಟು ಹಗ್ಗಕ್ಕೆ ಹಾಕಿದರೆ ಸುಮಾರು 850 ಹರ್ಟ್ಸಿನ ಆಸುಪಾಸು ಚೆನ್ನಾಗಿ ಹೀರುತ್ತದೆ. ಅದಕ್ಕಿಂತ ಕೆಳಗಿನ ಗುಂಯ್‌ಗುಡುವಿಕೆಗೆ ಕೌದಿ ಏನೂ ಮಾಡದು. ಅದಕ್ಕೆ ಎರಡು ಮೂಲೆಯಲ್ಲಿ ಅರಳೆಯ ಗಾದಿ ಸುರುಳಿ ಸುತ್ತಿ ನಿಲ್ಲಿಸಿದೆವು. ನೆಲಕ್ಕೆ ಜಮಖಾನ. ಹೊರಗಿನ ಸದ್ದನ್ನು ಇದಾವುದೂ ತಡೆಯುವುದಿಲ್ಲ, ಆ ಆಸೆ ಇಟ್ಟುಕೊಳ್ಳಬಾರದು. ಸ್ಟೇಷನ್ ಹತ್ತಿರ, ರೈಲು ಬಂದರೆ ಕೈಕಟ್ಟಿ ಕೂಡುವುದೇ. ಎರಡು ಟೇಕಿನಲ್ಲಿ ಮಾತ್ರ ರೈಲಿನ ಸೀಟಿ ಉಳಿಸಿಕೊಂಡಿದ್ದೇವೆ, ಅದೂ ಸೀಟಿಯ ಸ್ವರ ಹಾಡಿನ ಪಂಚಮಕ್ಕೆ ಹತ್ತಿರ ಬಿದ್ದದ್ದರಿಂದ.

ಕೋಣೆಯಲ್ಲಿ ಎಲ್ಲರೂ ಮರೆಯುವ ಕಳ್ಳ ಅಂದರೆ ಲೋಹ. ಕಬ್ಬಿಣದ ತಿಜೋರಿ, ಅಡಿಗೆಮನೆಯ ಭಾಂಡೆ ಸ್ಟ್ಯಾಂಡು, ಗೋಡೆಗೆ ಒರಗಿಸಿದ ಪರಾತ ಇವೆಲ್ಲ ತಮ್ಮ ತಮ್ಮ ಸ್ವರಕ್ಕೆ ಸರಿಯಾದ ಸದ್ದು ಬಂದ ಕೂಡಲೇ ಝೇಂಕರಿಸುತ್ತವೆ. ಹಾಡುವಾಗ ಗೊತ್ತಾಗುವುದಿಲ್ಲ, ಹೆಡ್‌ಫೋನಿನಲ್ಲಿ ಕೇಳಿದಾಗ ಪ್ರತಿ ಸಲ ಮೇಲಿನ ಷಡ್ಜಕ್ಕೆ ಹಿಂದೆ ಒಂದು ಕಿಂಯ್ ಇರುತ್ತದೆ. ಹುಡುಕುವ ಉಪಾಯ ಸುಲಭ. ಒಬ್ಬರು ಮಂದ್ರದಿಂದ ತಾರಕ್ಕೆ ನಿಧಾನವಾಗಿ ಆ-ಕಾರ ಎಳೆಯಬೇಕು, ಇನ್ನೊಬ್ಬರು ಮನೆಯೆಲ್ಲ ತಿರುಗುತ್ತ ಲೋಹದ ಮೇಲೆ ಕೈ ಇಡುತ್ತ ಹೋಗಬೇಕು. ಕೈ ಇಟ್ಟಾಗ ನಿಲ್ಲುವ ಸದ್ದಿನ ಮೇಲೆ ಒದ್ದೆ ಅರಿವೆ ಹಾಕಿದರೆ ಮುಗಿಯಿತು.

ಇನ್ನು ಕರೆಂಟಿನ ಹಮ್ಮು, ಅಂದರೆ ಕರೆಂಟಿನಿಂದ ಮುದ್ರಣಕ್ಕೆ ನುಸುಳುವ ಗುಂಯ್ ಸದ್ದು. ಈ ಆಲ್ಬಮ್ಮಿನಲ್ಲಿ ನಾವು ಅತಿ ಹೆಚ್ಚು ಕಲಿತದ್ದು ಇಲ್ಲೇ.

ನಮ್ಮ ಕರೆಂಟು 50 ಹರ್ಟ್ಸಿನದು. ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿ ಮುದ್ರಿಸಿದರೆ ಭೂಸಂಪರ್ಕದ ಸುತ್ತು ಉಂಟಾಗಿ 50, 100, 150 ಹೀಗೆ ಅದರ ಗುಣಕಗಳೆಲ್ಲ ಮೈಕಿನ ಹಿಂದೆ ಕೂಡುತ್ತವೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಕರೆಂಟು ಹೋದ ಹೊತ್ತಿನಲ್ಲಂತೂ ಫ್ಯಾನು, ಫ್ರಿಜ್ಜು, ನೆರೆಮನೆಯ ಮೋಟರು ಎಲ್ಲ ನಿಂತು ಕೋಣೆ ಬಾವಿಯಂತೆ ತಣ್ಣಗಾಗುತ್ತದೆ. ನಮ್ಮ ಅತಿ ಮೆತ್ತನೆಯ ಎರಡು ಹಾಡು ಲೋಡ್‌ಶೆಡ್ಡಿಂಗ್ ಹೊತ್ತಿನಲ್ಲೇ ಮುದ್ರಿಸಿದವು.

ಆದರೂ ಕೆಲವು ಟೇಕುಗಳಲ್ಲಿ ಹಮ್ಮು ಉಳಿದಿತ್ತು. ಫಿಲ್ಟರಿನಿಂದ 150 ಹರ್ಟ್ಸ್ ಕತ್ತರಿಸಹೋದಾಗ ಹಾಡೇ ಬಡವಾಯಿತು. ಕಾರಣ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ಹಾಡು ಭೈರವಿ ರಾಗದ್ದು, ಷಡ್ಜ (ಸ) ಕರಿ ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕರಿ ಮನೆ, ಸುಮಾರು 138.6 ಹರ್ಟ್ಸ್. ಅದರ ಕೋಮಲ ರಿಷಭ 147.8ರ ಹತ್ತಿರ ಬರುತ್ತದೆ. ಅಗಲವಾದ ಫಿಲ್ಟರು 150ನ್ನು ತೆಗೆಯುವಾಗ ಭೈರವಿಗೆ ಬೇಕೇ ಬೇಕಾದ ಆ ಸ್ವರವನ್ನೂ ಜೊತೆಗೆ ಒಯ್ದಿತ್ತು. ಅದಕ್ಕಿಂತ ಕೆಟ್ಟದ್ದು ಎಂದರೆ, ಕರಿ ಒಂದರ ಷಡ್ಜಕ್ಕೆ 50 ಹರ್ಟ್ಸ್ ಎನ್ನುವುದು ತೀವ್ರ ಮಧ್ಯಮಕ್ಕಿಂತ ಸ್ವಲ್ಪ ಏರಿದ ಸ್ವರ. ಭೈರವಿಯ ತಳದಲ್ಲಿ ಇಡೀ ಹೊತ್ತು ಅಪಸ್ವರದ ತೀವ್ರ ಮಧ್ಯಮ ನುಡಿಯುತ್ತಿದ್ದರೆ ಯಾರಿಗೂ ತಾಳಲಾಗದು. ಕೇಳುವವರಿಗೆ ಹಮ್ಮು ಎಂದು ಗೊತ್ತಾಗದಿದ್ದರೂ ಶ್ರುತಿ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಆ ಟೇಕುಗಳನ್ನು ಬಿಟ್ಟು ಮತ್ತೆ ಹಾಡಿಸಿದೆವು.

ಇದೇ ಲೆಕ್ಕವನ್ನು ತಿರುಗಿಸಿದಾಗ ನಾಲ್ಕನೆಯ ಹಾಡು ಹುಟ್ಟಿತು. ಹಮ್ಮೇ ಪಂಚಮವಾಗುವಂತೆ ಷಡ್ಜ ಇಟ್ಟರೆ? 50ನ್ನು ಪಂಚಮ ಎಂದು ಹಿಡಿದರೆ ಷಡ್ಜ 33.3ಕ್ಕೆ, ಅದರ ಎರಡು ಸಪ್ತಕ ಮೇಲೆ 133.3 ಹರ್ಟ್ಸಿಗೆ ಬರುತ್ತದೆ, ಬಿಳಿ ಒಂದಕ್ಕಿಂತ 33 ಸೆಂಟ್ ಮೇಲೆ (ಅರ್ಧ ಸ್ವರದ ನೂರನೆಯ ಪಾಲು ಒಂದು ಸೆಂಟ್). ಆಗ 100 ಮತ್ತು 200 ಪಂಚಮ, 150 ಮತ್ತು 300 ಶುದ್ಧ ರಿಷಭ, 250 ಶುದ್ಧ ನಿಷಾದ. ಯಮನ್ ರಾಗಕ್ಕೆ ಇದೇ ಒಂದು ತಂಬೂರಿ. 350 ಮಾತ್ರ ಶುದ್ಧ ಮಧ್ಯಮಕ್ಕಿಂತ 27 ಸೆಂಟ್ ಕೆಳಗೆ ಬಿದ್ದು ರಾಗ ಕೆಡಿಸುತ್ತದೆ, ಅದಕ್ಕೆ 300ರ ಮೇಲೆ ಎಲ್ಲ ಕತ್ತರಿಸಿದೆವು. ಹಮ್ಮು ಹಿಡಿಯಲು ಕೆಟ್ಟ ಟೇಪ್‌ರೆಕಾರ್ಡರಿನಿಂದ ಬಿಚ್ಚಿದ ಹೆಡ್ಡಿಗೆ ಎರಡು ವೈರು ಬೆಸೆದು, ಹಳೆ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರಿನ ಹತ್ತಿರ ಹಿಡಿದೆವು. ಟೇಪ್ ಹೆಡ್ಡು ಅಂದರೆ ಕಾಂತ ಸೆಳೆಯುವ ಸುರುಳಿಯೇ. ಹತ್ತಿರ ದೂರ ಸರಿಸಿದಂತೆ, ಓರೆ ಮಾಡಿದಂತೆ ಸ್ವರಗಳ ಹದ ಬದಲಾಗುತ್ತದೆ. ವಿದ್ಯುತ್ ಜಾಲದ ಆವೃತ್ತಿ ಸದಾ 50ಕ್ಕೇ ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ಅದನ್ನು 49.90ರಿಂದ 50.05ರ ನಡುವೆ ಹಿಡಿದಿಡಬೇಕೆಂಬ ನಿಯಮವಿದೆ. 49.90ಕ್ಕೆ ಇಳಿದರೂ ವ್ಯತ್ಯಾಸ ಮೂರೂವರೆ ಸೆಂಟ್, ಕಿವಿಗೆ ತೊಂದರೆಯಿಲ್ಲ. ಮಿರಜಿನ ತಂಬೂರಿಯನ್ನು ಈ ಹಮ್ಮಿಗೆ ಕೂಡಿಸಿ, ಅದರ ಮೇಲೆ ಆಲಾಪ. ಈ ಹಾಡಿಗೆ ಹಾರ್ಮೋನಿಯಂ ಮುಟ್ಟುವ ಹಾಗಿಲ್ಲ. ಅದರ ರೀಡಿನ ಸ್ವರ ಕಟ್ಟಿಟ್ಟದ್ದು, 33 ಸೆಂಟ್ ಸರಿಯುವುದು ಅದಕ್ಕೆ ಸಾಧ್ಯವಿಲ್ಲ.

ವಾದ್ಯಗಳಲ್ಲಿ ಏಕತಾರಿಯೂ ತುಂತುಣಿಯೂ ದನಿ ಸಣ್ಣ. ಮೈಕು ಹತ್ತಿರ ಇಟ್ಟರೆ ಬೆರಳಿನ ಉಜ್ಜು, ದೂರ ಇಟ್ಟರೆ ಬರೇ ಕೋಣೆ. ಇವಕ್ಕೆ ಪಿಯೆಜೊ ಬಿಲ್ಲೆ ಚೆನ್ನಾಗಿ ಒಪ್ಪಿತು. ಹಿತ್ತಾಳೆಯ ತಟ್ಟೆಗೆ ಭೂಸಂಪರ್ಕದ ವೈರು, ನಡುವಿನ ಬಿಳಿ ಭಾಗಕ್ಕೆ ಸಿಗ್ನಲ್ ವೈರು. ಬಿಳಿ ಭಾಗಕ್ಕೆ ಬೆಸುಗೆ ಕಡ್ಡಿಯನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಮೇಲಿನ ಬೆಳ್ಳಿಯ ಲೇಪ ಎದ್ದುಬಿಡುತ್ತದೆ, ಆ ಬಿಲ್ಲೆ ಕೆಲಸಕ್ಕೆ ಬಾರದು. ಏಕತಾರಿಯ ಬುರುಡೆಗೆ ಜೇನುಮೇಣದಿಂದ ಅಂಟಿಸಿದೆವು. ಮೇಣ ಕಂಪನವನ್ನು ಚೆನ್ನಾಗಿ ದಾಟಿಸುತ್ತದೆ, ತೆಗೆದಾಗ ವಾದ್ಯಕ್ಕೆ ಕಲೆಯಿಲ್ಲ. ಎರಡು ಪದರದ ಮೆತ್ತನೆಯ ಟೇಪು ಕಂಪನವನ್ನೇ ನುಂಗಿತು.

ಪಿಯೆಜೊದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಅದನ್ನು ಮೈಕಿನ ಕಿಂಡಿಗೆ ಹಚ್ಚಿ, ತಗಡಿನ ಡಬ್ಬಿ ಬಡಿದಂತೆ ಕೇಳುತ್ತದೆ ಎಂದು ಬಿಲ್ಲೆಯನ್ನೇ ಬೈಯುವುದು. ಬಿಲ್ಲೆ ಅಂದರೆ ಸುಮಾರು 20 ನ್ಯಾನೊಫ್ಯಾರಡ್‌ನ ಕೆಪಾಸಿಟರು. ಮೈಕಿನ ಇನ್‌ಪುಟ್ಟಿನ ರೋಧ ಒಂದೆರಡು ಕಿಲೋಓಮ್. ಅವೆರಡೂ ಕೂಡಿ 4,000 ಹರ್ಟ್ಸಿನ ಕೆಳಗಿನದ್ದನ್ನೆಲ್ಲ ಸೋಸಿಬಿಡುತ್ತವೆ. ಅದೇ ಬಿಲ್ಲೆಯನ್ನು ಗಿಟಾರಿನ ಇನ್‌ಪುಟ್ಟಿಗೆ ಹಾಕಿ, ಅಲ್ಲಿ ರೋಧ 1 ಮೆಗಾಓಮ್. ಕಡಿತ 8 ಹರ್ಟ್ಸಿಗೆ ಇಳಿಯುತ್ತದೆ, ಬುರುಡೆಯ ತಳದ ಗುಂಗು ಪೂರ್ತಿ ಬರುತ್ತದೆ. ವೈರು ಒಂದು ಮೀಟರಿಗಿಂತ ಉದ್ದ ಬೇಡ, ಮೇಲೆ ಜಾಲರಿ ಹೊದಿಕೆಯ ಕೇಬಲ್ಲೇ ಆಗಬೇಕು.

ಹಲಗಿಗೆ ತದ್ವಿರುದ್ಧ ಕಷ್ಟ. ಅದರ ಮೊದಲ ಪೆಟ್ಟು ಮೊಬೈಲಿನ ಮೈಕನ್ನೇ ಮೀರಿಸುತ್ತದೆ. ಆ ಮೈಕುಗಳು ಸುಮಾರು 120 ಡೆಸಿಬೆಲ್ಲಿಗೆ ತಡವರಿಸುತ್ತವೆ, ಆ್ಯಪಿನಲ್ಲಿ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಇಳಿಸಿದರೆ ಪ್ರಯೋಜನವಿಲ್ಲ, ಯಾಕೆಂದರೆ ಒಡೆದದ್ದು ಅದಕ್ಕೂ ಮೊದಲೇ. ದೂರವೇ ಮದ್ದು. ಹಲಗಿ ಅಂಗಳದಲ್ಲಿ, ಮೊಬೈಲು ಒಳಗಿನ ಕೋಣೆಯ ಬಾಗಿಲ ಹಿಂದೆ, ಡೈನಮಿಕ್ ಮೈಕು ಒಂದೂವರೆ ಮೀಟರಿನಲ್ಲಿ ಓರೆಯಾಗಿ. ಬಾಗಿಲ ಹಿಂದಿನ ಸದ್ದು ಮೆತ್ತಗಾಗಿ, ಓಣಿಯ ಆಚೆಯಿಂದ ಹೋಳಿಯ ಹಲಗಿ ಕೇಳಿದಂತೆ ಬಂತು. ಹುಬ್ಬಳ್ಳಿ ಧಾರವಾಡದಲ್ಲಿ ಬೆಳೆದವರಿಗೆ ಆ ದೂರದ ಸದ್ದೇ ಹೋಳಿ. ಎರಡೂ ಮೈಕು ಕೂಡಿಸುವಾಗ ದೂರದ್ದನ್ನು ಮುಂದೆ ಸರಿಸಿ ಹೊಂದಿಸಲಿಲ್ಲ. ಆ ಕೆಲವು ಮಿಲಿಸೆಕೆಂಡಿನ ತಡವೇ ಅಂಗಳದ ಅಳತೆ. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಸಡಿಲಾಗುತ್ತದೆ, ಬೆಂಕಿಗೆ ಕಾಯಿಸಿದರೆ ಹದಿನೈದಿಪ್ಪತ್ತು ನಿಮಿಷ ನಿಲ್ಲುತ್ತದೆ. ಆದ್ದರಿಂದ ಮೈಕು, ಲೆವೆಲ್ಲು ಎಲ್ಲ ಹೊಂದಿಸಿಟ್ಟೇ ಹಲಗಿ ಕಾಯಿಸಬೇಕು. ಕಾಯಿಸಿ ಆಮೇಲೆ ಕೇಬಲ್ ಹುಡುಕಿದರೆ ಮತ್ತೆ ಕಾಗದ ಸುಡಬೇಕಾಗುತ್ತದೆ.

ಬೀಸುಕಲ್ಲು ಶೇಕರಿನ ಬದಲು ಬಳಸಿದೆವು. ಬರಿಗಲ್ಲು ತಿರುಗಿಸಿದರೆ ಕಿವಿ ಕೊರೆಯುವ ಕಿರಿಕಿರಿ, ಮೇಲೆ ಕಲ್ಲಿನ ಪುಡಿ. ಒಂದು ಹಿಡಿ ಜೋಳ ಹಾಕಿದ ಕೂಡಲೇ ಅದು ಗರಗರ ಎಂಬ ತುಂಬುದನಿ ಆಗುತ್ತದೆ, ಕಾಳು ನುಣ್ಣಗಾದಂತೆ ಸದ್ದೂ ನುಣ್ಣಗಾಗುತ್ತ ಹೋಗುತ್ತದೆ. ಒಂದು ಹಿಡಿಯ ಮೊದಲಿನಿಂದ ಕೊನೆಯವರೆಗೆ ಸುಮ್ಮನೆ ಮುದ್ರಿಸಿ, ಅದನ್ನೇ ಹಾಡಿನ ಉದ್ದಕ್ಕೂ ಹಾಸಿದೆವು. ತುಂಡು ಮಾಡಿ ಮರುಕಳಿಸಲಿಲ್ಲ.

ಪ್ರತಿಧ್ವನಿಗೆ ತಾಮ್ರದ ಹಂಡೆ. ಬಚ್ಚಲಮನೆಯಲ್ಲಿ ಖಾಲಿ ಹಂಡೆಯೊಳಗೆ ಸಣ್ಣ ಸ್ಪೀಕರನ್ನು ಅರಿವೆಯ ಸಿಂಬೆಯ ಮೇಲೆ ಇಳಿಸಿ, ಬಾಯಿಯ ಮೇಲೆ ಒಂದು ಗೇಣು ಎತ್ತರಕ್ಕೆ ಮೈಕು ತೂಗಿಸಿ, ಮುದ್ರಿಸಿದ ಹಾರ್ಮೋನಿಯಮ್ಮನ್ನು ಸ್ಪೀಕರಿನಲ್ಲಿ ನುಡಿಸಿದರೆ ಹಂಡೆಯ ಗುಂಗಿನ ಜೊತೆ ಅದು ತಿರುಗಿ ಬರುತ್ತದೆ. ಬ್ಲೂಟೂತ್ ಸ್ಪೀಕರು ಬೇಡ, ಅದರ ತಡ ಪ್ರತಿ ಸಲ ಬೇರೆ ಬೇರೆ, ವೈರಿನದ್ದೇ ಇರಲಿ. ಮೊದಲ ದಿನ ಹಂಡೆ ಒಂದೇ ಸ್ವರಕ್ಕೆ ಹಟ ಹಿಡಿಯಿತು. ಹಾರ್ಮೋನಿಯಂ ಯಾವ ಸ್ವರ ಹಿಡಿದರೂ ಅದು ತನ್ನ ಒಂದನ್ನೇ ದೊಡ್ಡದು ಮಾಡುತ್ತಿತ್ತು. ನೀರು ಹಾಕಿದರೆ ಈ ಸ್ವರ ಬದಲಾಗುತ್ತದೆ. ಒಳಗಿನ ಗಾಳಿಯ ಜಾಗ ಕಿರಿದಾದಂತೆ ಅದರ ಗುಂಗು ಮೇಲೇರುತ್ತದೆ. ಸ್ಪೀಕರನ್ನು ಮೇಲೆ ಹಗ್ಗಕ್ಕೆ ಕಟ್ಟಿ, ಒಂದೊಂದೇ ತಂಬಿಗೆ ನೀರು ಹಾಕುತ್ತ, ಬಾಯಿಯ ಹತ್ತಿರ ಷಡ್ಜ ಗುನುಗುತ್ತ ಹೋದೆವು. ಒಂಬತ್ತನೆಯ ತಂಬಿಗೆಗೆ ಹಂಡೆ ಷಡ್ಜಕ್ಕೆ ಉತ್ತರ ಕೊಟ್ಟಿತು. ನೀರಿನ ಮೇಲ್ಮೈ ನಡುಗುವುದು ಕಣ್ಣಿಗೇ ಕಾಣುತ್ತದೆ, ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಬಳೆಗಳು. ಆಮೇಲೆ ಅದೇ ಗುಂಗು ಹಾಡಿಗೆ ಆಧಾರಶ್ರುತಿಯಂತೆ ನಿಂತಿತು. ಮಟ್ಟ ಗುರುತಿಸಲು ಒಳಗೆ ಸೀಮೆಸುಣ್ಣದ ಗೆರೆ ಎಳೆದಿಡಿ, ಮರುದಿನ ಮತ್ತೆ ಎಣಿಸುವುದು ತಪ್ಪುತ್ತದೆ.

ಕ್ಯಾಸೆಟ್ಟಿಗೆ ಬರೋಣ. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ರಬ್ಬರಿನ ಗಾಲಿಯನ್ನು ಸೋಪಿನ ನೀರಿನಿಂದಲೇ ಒರೆಸಬೇಕು. ಧಾರವಾಡದ ಮಳೆಗಾಲ ಕಂಡ ಹಳೆ ಕ್ಯಾಸೆಟ್ಟುಗಳಲ್ಲಿ ಬಿಳಿ ಬೂಷ್ಟು ಇರುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಅಂಚಿನಲ್ಲಿ ಹಿಟ್ಟು ಹಿಟ್ಟಾಗಿ ಕಂಡರೆ ಅದನ್ನು ಡೆಕ್ಕಿಗೆ ಹಾಕಲೇಬಾರದು, ಹೆಡ್ಡಿನಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಚೊಕ್ಕ ಇರುವುದನ್ನು ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಹಿಂದೆ ಓಡಿಸಿ ಬಿಗಿ ಸಮ ಮಾಡಿಕೊಳ್ಳಬೇಕು. ಬೆಲ್ಟು ಸಡಿಲಾಗಿದ್ದರೆ ವೇಗ ಇಳಿಯುತ್ತದೆ. ವೇಗದಲ್ಲಿ ನೂರಕ್ಕೆ ಒಂದು ಕಡಿಮೆಯಾದರೆ ಶ್ರುತಿ 17 ಸೆಂಟ್ ಇಳಿದಂತೆ, ನೂರಕ್ಕೆ ಆರಾದರೆ ಅರ್ಧ ಸ್ವರವೇ ಹೋಯಿತು. ಅನೇಕ ಡೆಕ್ಕುಗಳ ಮೋಟರಿನ ಬೆನ್ನಿಗೆ ಸಣ್ಣ ತೂತು ಇರುತ್ತದೆ, ಒಳಗೆ ವೇಗ ಹೊಂದಿಸುವ ತಿರುಪು. ಕಂಪ್ಯೂಟರಿನಿಂದ ಒಂದು ಸ್ವರ ತುಂಬಿದ ಕ್ಯಾಸೆಟ್ಟನ್ನು ಸರಿಯಿರುವ ಬೇರೆ ಡೆಕ್ಕಿನಲ್ಲಿ ಮಾಡಿಸಿ ತಂದು, ಶ್ರುತಿ ಆ್ಯಪ್ ನೋಡುತ್ತ ತಿರುಗಿಸಿದೆವು.

ನಮಗೆ ಬೇಕಾಗಿದ್ದು ಟೇಪಿನ ಕುಣಿಕೆ, ಸುತ್ತಿ ಸುತ್ತಿ ಅದೇ ಬರುವ ಲೂಪು. ಐದು ತಿರುಪಿನ ಕ್ಯಾಸೆಟ್ ಬೇಕು, ಅಂಟಿಸಿದ್ದು ಬಿಚ್ಚಲಾಗದು. ಎಡಗಡೆಯ ಚಕ್ರ ತೆಗೆದುಬಿಡಿ. ಎರಡು ಮೂಲೆಯ ಗಾಲಿ ಮತ್ತು ಬಲಗಡೆಯ ಚಕ್ರ ಬಳಸಿ ಬರುವಷ್ಟು ಟೇಪು ಸುಮಾರು 24 ಸೆಂ.ಮೀ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂ.ಮೀ. ಓಡುವುದರಿಂದ ಲೂಪಿನ ಅವಧಿ ಹತ್ತಿರ ಹತ್ತಿರ 5 ಸೆಕೆಂಡು. ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದಕ್ಕೊಂದು ತಾಗಿಸಿ, ಹೆಡ್ಡಿಗೆ ಮುಟ್ಟದ ಬದಿಯಲ್ಲಿ ಸ್ಪ್ಲೈಸಿಂಗ್ ಟೇಪಿನ ಸಣ್ಣ ತುಂಡು ಅಂಟಿಸಿ. ಅಂಗಡಿಯ ಸೆಲ್ಲೊ ಟೇಪಿನ ಗೋಂದು ಬೆಚ್ಚಗಾದಾಗ ಅಂಚಿನಿಂದ ಹೊರಬಂದು ಹೆಡ್ಡಿಗೆ ಹಿಡಿಯುತ್ತದೆ. ಬಿಗಿಯಾದರೆ ಮೋಟರು ನಿಲ್ಲುತ್ತದೆ, ಸಡಿಲಾದರೆ ಗಾಲಿಗೆ ಸುತ್ತಿಕೊಳ್ಳುತ್ತದೆ. ಸರಿ ಹೋಗಲು ನಮಗೆ ಏಳು ಸಲ ಬೇಕಾಯಿತು. ರೆಕಾರ್ಡ್ ಆಗಲು ಕ್ಯಾಸೆಟ್ಟಿನ ಬೆನ್ನಿನ ಕಿಂಡಿ ಮುಚ್ಚಿರಬೇಕು. ಹಳೆಯದು ಅಳಿಯದೆ ಅದರ ಮೇಲೇ ಇನ್ನೊಂದು ಕೂಡಬೇಕಾದರೆ ಅಳಿಸುವ ಹೆಡ್ಡಿನ ಮೇಲೆ ತೆಳು ಪ್ಲಾಸ್ಟಿಕ್ ಪಟ್ಟಿ ಇಡಬೇಕು. ಪ್ರತಿ ಸುತ್ತಿಗೆ ಹಿಂದಿನದು ಸ್ವಲ್ಪ ಮಂಕಾಗುತ್ತದೆ, ಹೊಸದು ಮುಂದೆ ನಿಲ್ಲುತ್ತದೆ.

ಈ ಐದು ಸೆಕೆಂಡು ತಾಳವನ್ನೂ ಗೊತ್ತು ಮಾಡುತ್ತದೆ. ಒಂದು ಸುತ್ತಿಗೆ ಎಂಟು ಮಾತ್ರೆ (ತಾಳದ ಎಣಿಕೆ) ಕೂಡಿಸಿದರೆ ನಿಮಿಷಕ್ಕೆ 96, ಕೆಹರವಾ ತಾಳ. ಏಳು ಕೂಡಿಸಿದರೆ 84, ರೂಪಕ. ಆರಾದರೆ 72, ದಾದರಾ. ಹಿಪ್‌ಹಾಪಿನ ನಿಧಾನ ನಡೆಗೆ 84 ಹೇಳಿ ಮಾಡಿಸಿದ ವೇಗ, ಆದರೆ ಅಲ್ಲಿ ಏಳು ಮಾತ್ರೆಯ ಬೀಟು ಅಪರೂಪ. ಅದರಿಂದಲೇ ಆರನೆಯ ಹಾಡು ಬಂತು. ಲೂಪಿನಲ್ಲಿ 1 ಮಿ.ಮೀ. ಹೆಚ್ಚುಕಡಿಮೆಯಾದರೆ 21 ಮಿಲಿಸೆಕೆಂಡು. ನಾಲ್ಕು ನಿಮಿಷದ ಹಾಡಿನ ಕೊನೆಗೆ ಒಂದು ಸೆಕೆಂಡಿನಷ್ಟು ಜಾರಿರುತ್ತದೆ. ಲೂಪನ್ನು ಕಂಪ್ಯೂಟರಿಗೆ ಹೊಂದಿಸಲು ಹೋಗಬಾರದು. ಲೂಪು ಓಡಿಸಿ ಇಪ್ಪತ್ತು ಸುತ್ತಿನ ಕಾಲ ಅಳೆದು ಭಾಗಿಸಿ, ಬಂದ ವೇಗವನ್ನು ರೀಪರಿನಲ್ಲಿ ತುಂಬಬೇಕು.

ಹಾಡುವವರಿಗೂ ಇದೇ ಮಾತು. ಶುರುವಿನಲ್ಲಿ ಕಿವಿಗೆ ಮೆಟ್ರೊನೋಮ್ ಕೊಟ್ಟು ತತ್ವಪದ ಹಾಡಿಸಿದೆವು. ಎರಡು ಸಾಲಿಗೆ ಹಾಡುತ್ತಿದ್ದ ಹಿರಿಯರು ಹೆಡ್‌ಫೋನ್ ತೆಗೆದಿಟ್ಟರು: "ತಮ್ಮಾ, ಕಿವ್ಯಾಗ ಅದು ಟಕ್ ಟಕ್ ಅಂತಿದ್ರ ಪದ ಮುಂದ ಹೋಗೂದಿಲ್ಲ ನೋಡಪಾ." ಅವರ ಮಾತು ಸರಿ. ಪಲ್ಲವಿಗೆ ಬರುವಾಗ ಅವರ ಲಯ ತುಸು ನಿಂತು ಹೆಜ್ಜೆ ಇಡುತ್ತದೆ, ನುಡಿಯ ಕೊನೆಗೆ ಓಡುತ್ತದೆ. ಏಕತಾರಿ ಮತ್ತು ದಮ್ಮಡಿಯ ಜೊತೆ ಬಿಟ್ಟುಕೊಟ್ಟೆವು, ಒಂದೇ ಟೇಕು. ಆಮೇಲೆ ರೀಪರಿನಲ್ಲಿ ಪ್ರತಿ ಆವರ್ತದ ಸಮ್‌ಗೆ (ಮೊದಲ ಮಾತ್ರೆಗೆ) ಒಂದು ವೇಗದ ಗುರುತು ಹಾಕಿದೆವು. ಆರು ನಿಮಿಷದ ಪದಕ್ಕೆ ನೂರಕ್ಕೂ ಹೆಚ್ಚು ಗುರುತು, ಒಂದು ಸಂಜೆಯ ಕೆಲಸ. ಈಗ ಬೀಟೂ ಬಾಸೂ ಅವರ ಹಿಂದೆ ನಡೆಯುತ್ತವೆ. ಬೀಟಿನ ತೂಗಾಟವನ್ನೂ (ಜೋಡಿ ಪೆಟ್ಟಿನ ಹೊತ್ತಿನಲ್ಲಿ ಮೊದಲನೆಯದಕ್ಕೆ ಸಿಗುವ ಪಾಲು) ದಮ್ಮಡಿಯಿಂದಲೇ ಅಳೆದೆವು. ಸಮಭಾಗ ಅಂದರೆ ನೂರಕ್ಕೆ 50, ದಾದರಾದ ಮೂರರ ನಡೆ ಅಂದರೆ 66. ಅವರ ಕೈ ಇವೆರಡರ ನಡುವೆ 58ರ ಆಸುಪಾಸು ಇತ್ತು. ಅದನ್ನೇ ಯಂತ್ರದ ಬೀಟಿಗೆ ಕೊಟ್ಟಾಗ ಎರಡು ಪ್ರಕಾರ ಒಂದೇ ಚಕ್ಕಡಿ ಹತ್ತಿದವು.

ಸ್ವರಮೇಳದಲ್ಲಿ ಎರಡು ಜಾಗ ಅಪಾಯದ್ದು. ಮೊದಲನೆಯದು ಗಾಂಧಾರ. ತಂಬೂರಿಯಿಂದ ತಾನಾಗಿ ಹೊಮ್ಮುವ ಶುದ್ಧ ಗಾಂಧಾರ 386 ಸೆಂಟಿನಲ್ಲಿದೆ, ಕೀಬೋರ್ಡಿನದ್ದು 400ರಲ್ಲಿ. ಎರಡೂ ಒಟ್ಟಿಗೆ ನಿಂತರೆ ಆ 14 ಸೆಂಟು ಅಲೆ ಅಲೆಯಾಗಿ ಕದಡುತ್ತದೆ. ಕೀಬೋರ್ಡಿನ ಕಾರ್ಡಿನಿಂದ ಗಾಂಧಾರ ತೆಗೆದು ಷಡ್ಜ ಪಂಚಮ ಮಾತ್ರ ಬಿಟ್ಟೆವು, ಗಾಂಧಾರವನ್ನು ಹಾಡುವವರೇ ಹೇಳುತ್ತಾರೆ. ಕಾರ್ಡು ಬಡವಾಗುವುದಿಲ್ಲ, ಬದಲಿಗೆ ದನಿಗೆ ಜಾಗ ಸಿಗುತ್ತದೆ.

ಎರಡನೆಯದು ಬಾಸು. ಪಾಶ್ಚಾತ್ಯ ಪದ್ಧತಿಯಲ್ಲಿ ಬಾಸು ಕಾರ್ಡಿನ ಜೊತೆ ಸರಿದಾಡುವುದು ಸಹಜ. ನಮ್ಮ ಕಿವಿಗೆ ಕೆಳಗಿನ ಸ್ವರವೇ ಷಡ್ಜ. ಭೂಪಾಲಿ ರಾಗ ಹಾಡುತ್ತಿರುವಾಗ ಬಾಸು ಗಾಂಧಾರದ ಮೇಲೆ ನಿಂತರೆ ಅದೇ ಐದು ಸ್ವರ ಮಾಲಕಂಸ ರಾಗ ಆಗುತ್ತದೆ. ಪಂಚಮದ ಮೇಲೆ ನಿಂತರೆ ದುರ್ಗಾ, ಧೈವತದ ಮೇಲೆ ಧಾನಿ, ರಿಷಭದ ಮೇಲೆ ಮೇಘದ ಸ್ವರಗಳು. ಗಾಯಕಿ ಏನೂ ಬದಲಾಯಿಸಿಲ್ಲ, ರಾಗ ಕಾಲಡಿಯಿಂದ ಸರಿದಿದೆ. ಮೊದಲ ಪ್ರಯತ್ನದಲ್ಲಿ ಬಾಸು ಎರಡು ಮಾತ್ರೆಗೊಮ್ಮೆ ಸರಿದಾಗ ಭೂಪಾಲಿಯ ಗುರುತೇ ಉಳಿಯಲಿಲ್ಲ. ಕೊನೆಗೆ ಹೀಗೆ ಮಾಡಿದೆವು: ತಂಬೂರಿ ಇರುವವರೆಗೆ ಬಾಸು ಷಡ್ಜ ಬಿಡುವುದಿಲ್ಲ. ಹಾಡಿನ ನಡುವೆ ತಂಬೂರಿ ಪೂರ್ತಿ ನಿಲ್ಲುತ್ತದೆ, ಎಂಟು ಆವರ್ತ ಬಾಸು ಗಾಂಧಾರದಲ್ಲಿ ಕೂಡುತ್ತದೆ. ಅದೇ ಬಂದಿಶು (ಹಾಡಿನ ರಚನೆ) ಇದ್ದಕ್ಕಿದ್ದಂತೆ ಮಾಲಕಂಸದ ಹೊತ್ತಾದ ನಡುರಾತ್ರಿಯದ್ದಾಗುತ್ತದೆ. ಮತ್ತೆ ತಂಬೂರಿ ಬಂದಾಗ ಭೂಪಾಲಿಯ ಸಂಜೆ ಮರಳುತ್ತದೆ. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಕೂತು ರಾಗವನ್ನು ಹೀಗೆ ಬಳಸುವಾಗ ಏನು ಮಾಡುತ್ತಿದ್ದೇವೆ ಎಂದು ತಿಳಿದು ಮಾಡಬೇಕು. ಗೊತ್ತಿಲ್ಲದೆ ಆದ ರಾಗಭಂಗವನ್ನು ಪ್ರಯೋಗ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಎರಡು ಯಂತ್ರದಲ್ಲಿ ಮುದ್ರಿಸಿದ್ದನ್ನು ಕೂಡಿಸುವುದಕ್ಕೆ ಶುರುವಿಗೊಂದು ಚಪ್ಪಾಳೆ, ಕೊನೆಗೊಂದು ಚಪ್ಪಾಳೆ ಸಾಕು. ಕೊನೆಯದನ್ನು ಮರೆಯಬಾರದು. ಮೊಬೈಲಿನ ಗಡಿಯಾರ ದಶಲಕ್ಷಕ್ಕೆ 50 ಪಾಲು ಬೇರೆಯಿದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡು ಜಾರುತ್ತದೆ. ಮೊಬೈಲಿನಲ್ಲಿ ಗದ್ದಲ ತಗ್ಗಿಸುವ ಮತ್ತು ತಾನಾಗಿ ಲೆವೆಲ್ ಏರಿಸುವ ಸೌಲಭ್ಯ ಇಲ್ಲದ, ವೇವ್ ಕಡತ ಕೊಡುವ ಆ್ಯಪ್ ಬೇಕು. ಇಲ್ಲದಿದ್ದರೆ ಹಾಡು ನಿಂತಾಗಲೆಲ್ಲ ಮಳೆ ಉಬ್ಬುತ್ತದೆ.

ಮಳೆಯ ಬಗ್ಗೆ ಇಷ್ಟು: ಹಂಚಿನ ಮೇಲಿನ ಮಳೆ ಹಾಡಿಗೆ ಹೊಂದುತ್ತದೆ, ಹಿತ್ತಲಿನ ತಗಡಿನ ಮೇಲಿನದು ಹೊಂದುವುದಿಲ್ಲ. ತಗಡಿನ ಸದ್ದು ಮಾತಿನ ವ್ಯಂಜನಗಳಿರುವ 2,000ದಿಂದ 5,000 ಹರ್ಟ್ಸಿನ ಜಾಗದಲ್ಲೇ ತುಂಬಿಕೊಂಡು ಸಾಹಿತ್ಯವನ್ನು ನುಂಗುತ್ತದೆ. ತಗಡಿಗೆ ಗೋಣಿಚೀಲ ಹಾಸಿ ಮೇಲೆ ಕಲ್ಲಿಟ್ಟೆವು.

ಮಿಕ್ಸಿಂಗಿನಲ್ಲಿ ಎಲ್ಲವನ್ನೂ ಟೇಪಿಗೆ ಹಾಕಲಿಲ್ಲ. ದನಿ ಮತ್ತು ಹಾರ್ಮೋನಿಯಂ ಮಾತ್ರ ಒಮ್ಮೆ ಕ್ಯಾಸೆಟ್ಟಿಗೆ ಹೋಗಿ ಬಂದವು, ಡೆಕ್ಕಿನ ಮಟ್ಟ ತೋರುವ ಸೂಜಿ +3ಕ್ಕೆ ತಾಗುವಷ್ಟು ಜೋರಾಗಿ. ತಬಲಾದ ಡಗ್ಗಾ ಅಷ್ಟು ಜೋರಿಗೆ ಒಡೆಯುತ್ತದೆ, ಅದಕ್ಕೆ 0 ಸಾಕು. ಒಂದೇ ತರದ ಟೇಪಿಗೆ ಮತ್ತೊಮ್ಮೆ ಪ್ರತಿ ಮಾಡಿದರೆ ಹಿಸ್ಸು 3 ಡೆಸಿಬೆಲ್ ಏರುತ್ತದೆ, ಮೇಲಿನ ಸ್ವರಗಳು ಇನ್ನಷ್ಟು ಇಳಿಯುತ್ತವೆ. ನಮ್ಮ ಡೆಕ್ಕಿನಲ್ಲಿ ಎರಡಕ್ಕಿಂತ ಹೆಚ್ಚು ಸಲ ಹೋದ ದನಿಯಲ್ಲಿ ಸ, ಶ ಒಂದೇ ಆದವು. ಟೇಪಿನಿಂದ ಬಂದದ್ದನ್ನು ಮೋನೊದಲ್ಲಿ ಕೇಳಲೇಬೇಕು. ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೂ ಎಡಬಲ ಕೂಡಿದಾಗ ಮೇಲಿನ ಸ್ವರಗಳು ಮಾಯವಾಗುತ್ತವೆ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಮೋನೊದಲ್ಲಿ ಅತಿ ಸ್ಪಷ್ಟ ಕೇಳುವ ಜಾಗಕ್ಕೆ ತಿರುಗಿಸಿದರೆ ಸರಿ. ಬಾಸಿಗೆ ಸ್ವಲ್ಪ ಒರಟು ಸೇರಿಸಿದೆವು. ಮೊಬೈಲಿನ ಸ್ಪೀಕರು ಕೆಳಸ್ವರ ನುಡಿಸಲಾರದು, ಒರಟಿನಿಂದ ಹುಟ್ಟುವ ಮೇಲಿನ ಗುಣಕಗಳಿಂದ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಪ್ರತಿ ಮಿಕ್ಸನ್ನೂ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಅಗ್ಗದ ಇಯರ್‌ಫೋನಿನಿಂದ ಕೇಳಿದೆವು. ದಾರಿಯ ಉಣಕಲ್ ದಾಟುವವರೆಗೂ ಸಾಹಿತ್ಯ ತಿಳಿಯದಿದ್ದರೆ ವಾಪಸು ಬಂದು ದನಿ ಏರಿಸುವುದು.

ಹಕ್ಕಿನ ಲೆಕ್ಕ ಮೊದಲೇ ಮಾಡಿಟ್ಟುಕೊಳ್ಳಿ. ಶಿಶುನಾಳ ಶರೀಫರು ತೀರಿದ್ದು 1889ರಲ್ಲಿ, ಅವರ ಪದ ಯಾರು ಬೇಕಾದರೂ ಹಾಡಬಹುದು. ದ.ರಾ. ಬೇಂದ್ರೆಯವರು ತೀರಿದ್ದು 1981ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಆದ್ದರಿಂದ 2041 ಮುಗಿಯುವವರೆಗೆ ಅನುಮತಿ ಬೇಕು. ಪದ ಹಳೆಯದಾದರೂ ಅದರ ಧಾಟಿ ಇತ್ತೀಚಿನವರು ಕಟ್ಟಿದ್ದಿರಬಹುದು, ಮುದ್ರಣದ ಹಕ್ಕು ಮತ್ತೆ ಬೇರೆಯದು. ಹಳೆಯ ರೇಡಿಯೊ ಮುದ್ರಣದ ತುಣುಕುಗಳನ್ನು ಸೇರಿಸುವ ಆಸೆ ನಮಗೂ ಇತ್ತು, ಬಿಟ್ಟೆವು. ಹಾಡಿದವರಿಗೆ, ಹಲಗಿ ಬಾರಿಸಿದವರಿಗೆ ಆ ದಿನದ ಹಣ ಆ ದಿನವೇ ಕೊಟ್ಟು, ಆಲ್ಬಮ್ಮಿನಲ್ಲಿ ಹೆಸರು ಹೇಗೆ ಬರಬೇಕು ಎಂದು ಅವರ ಕೈಯಿಂದಲೇ ಬರೆಸಿಕೊಂಡೆವು.

ಒಟ್ಟು ಜೋರಿನ ಮಟ್ಟ ಮೈನಸ್ 16 ಲಫ್ಸಿಗೆ (ಕಿವಿಗೆ ತೋರುವ ಸರಾಸರಿ ಜೋರಿನ ಅಳತೆ) ಇಟ್ಟೆವು, ಶಿಖರ ಮೈನಸ್ 1 ಡೆಸಿಬೆಲ್ ದಾಟದಂತೆ. ಹಾಡು ಹಾಡಿನ ನಡುವೆ ಕಂಪ್ಯೂಟರಿನ ಶೂನ್ಯ ಇಟ್ಟರೆ ಯಂತ್ರ ಕೆಟ್ಟು ನಿಂತಂತೆ ಅನಿಸುತ್ತದೆ. ಅದಕ್ಕೆ ಪ್ರತಿ ಬೈಠಕ್ಕಿನ ಕೊನೆಗೆ ಯಾರೂ ಮಾತಾಡದೆ ಒಂದು ನಿಮಿಷ ಖಾಲಿ ಪಡಸಾಲೆಯನ್ನು ಮುದ್ರಿಸಿಟ್ಟುಕೊಂಡಿದ್ದೆವು. ಹಾಡುಗಳ ನಡುವೆ ನಾಲ್ಕು ನಾಲ್ಕು ಸೆಕೆಂಡು ಅದನ್ನೇ ಹಾಕಿದೆವು, ಆಯಾ ಹಾಡಿನ ದಿನದ್ದೇ. ಒಂಬತ್ತನೆಯ ಹಾಡಿನ ನಂತರ ಅದು 20 ಸೆಕೆಂಡು ಇದೆ. ಮಳೆ ನಿಂತಿದೆ, ಹಂಚಿನ ಅಂಚಿನಿಂದ ಹನಿಗಳು ಒಂದೊಂದಾಗಿ ಕೆಳಗಿನ ಬಕೀಟಿಗೆ ಬೀಳುತ್ತಿವೆ.